ಹಾಲ್‌ಗೆ 120 ಇಂಚಿನ ಪ್ರೊಜೆಕ್ಟರ್ ಹಾಕಬೇಕು, ಯಾವ ಮಾಡೆಲ್ ತಗೊಳ್ಳಲಿ?

ಒಂದು ಲಕ್ಷ ಬಜೆಟ್, 120 ಇಂಚಿನ ಚಿತ್ರ, 4ಕೆ ಬೇಕಾ ಬೇಡ್ವಾ, 3000 ಲ್ಯುಮೆನ್ಸ್ (ಪ್ರೊಜೆಕ್ಟರ್ ಬಿಡುವ ಬೆಳಕಿನ ಅಳತೆ) ಸಾಕಾ. ನಿಮ್ಮ ಪ್ರಶ್ನೆ ಓದಿದಾಗ 2018ರ ನಾನೇ ಎದುರಿಗೆ ಬಂದು ಕೂತ ಹಾಗಾಯಿತು. ಎರಡು ತಿಂಗಳು ನಿದ್ದೆಗೆಟ್ಟು ರಿವ್ಯೂ ನೋಡಿದ್ದೆ. ಮಾಡೆಲ್ ನಂಬರ್‌ಗಳೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ನನ್ನ ರೂಮಿನ ಉದ್ದ ಎಷ್ಟು ಅಡಿ ಅಂತ ಮಾತ್ರ ಗೊತ್ತಿರಲಿಲ್ಲ.

ಮೈಸೂರಿನಲ್ಲಿ ನಮ್ಮದು ಹಳೇ ಮನೆ. ಮಹಡಿ ಮೇಲಿನ ರೂಮಿನಲ್ಲಿ ಮುರಿದ ಮಂಚ, ಅಪ್ಪನ ಕಾಲದ ಟ್ರಂಕು, ಹಿಡಿಕೆ ಹೋದ ಕುಕ್ಕರ್ ಎಲ್ಲ ತುಂಬಿತ್ತು. ಅದನ್ನೆಲ್ಲ ಗುಜರಿಗೆ ಹಾಕಿ ಹೋಮ್ ಥಿಯೇಟರ್ ಮಾಡುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ. ಗುಜರಿ ಹೋದರೆ ಸಾಕಾಗಿತ್ತು ಅವರಿಗೆ.

ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಡೆಮೊ ನೋಡಿದೆ. 1080ಪಿ, ಅಂದರೆ ಫುಲ್ ಎಚ್‌ಡಿ, ಪುಟ್ಟ ಕನ್ನಡಿಗಳಿಂದ ಚಿತ್ರ ಮಾಡುವ ಡಿಎಲ್‌ಪಿ ಪ್ರೊಜೆಕ್ಟರ್, 3200 ಲ್ಯುಮೆನ್ಸ್, ಒಳಗೆ ಲ್ಯಾಂಪ್. ಆ ಡೆಮೊ ರೂಮ್ ಛತ್ರದ ಊಟದ ಹಾಲ್‌ನಷ್ಟು ಉದ್ದ ಇತ್ತು. ಗೋಡೆ ತುಂಬ ಚಿತ್ರ. ಬಾಕ್ಸ್ ಮೇಲೆ ‘ಚಿತ್ರದ ಅಳತೆ 30ರಿಂದ 300 ಇಂಚು’ ಅಂತ ದಪ್ಪಗೆ ಬರೆದಿತ್ತು. ನಾನು ಬಿದ್ದಿದ್ದು ಅಲ್ಲೇ.

ಆ ಸಾಲನ್ನು ನಾನು ಓದಿಕೊಂಡಿದ್ದು ಟಿವಿ ವಾಲ್ಯೂಮ್ ತರ. ಎಷ್ಟು ಬೇಕೋ ಅಷ್ಟು ಏರಿಸಿದರೆ ಆಯಿತು ಅಂತ. ಅದರ ನಿಜವಾದ ಅರ್ಥ, ಪ್ರೊಜೆಕ್ಟರನ್ನು ಗೋಡೆಯಿಂದ ಹಿಂದೆ ಹಿಂದೆ ತಗೊಂಡು ಹೋಗುತ್ತಾ ಇದ್ದರೆ ಚಿತ್ರ ದೊಡ್ಡದಾಗುತ್ತದೆ ಅಂತ. ಹಿಂದೆ ಹೋಗಲು ಜಾಗ ಎಲ್ಲಿದೆ ಅನ್ನೋದು ಬಾಕ್ಸ್‌ಗೆ ಗೊತ್ತಿರಲ್ಲ, ಅಲ್ವಾ?

ಇದನ್ನು ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ, ಬೇಜಾರು ಮಾಡ್ಕೋಬೇಡಿ. ಪ್ರತಿ ಪ್ರೊಜೆಕ್ಟರ್‌ಗೂ ‘ಥ್ರೋ ರೇಶಿಯೊ’ ಅಂತ ಒಂದು ಸಂಖ್ಯೆ ಇರುತ್ತದೆ. ಲೆನ್ಸ್‌ನಿಂದ ಪರದೆಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದು ಅದು. ಚಿತ್ರದ ಅಗಲ ಅಂದೆ, ಕರ್ಣ ಅಲ್ಲ. 120 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ. ಈಗಿನ ಟಿವಿಗಳ ಹಾಗೆ 16:9 (ಅಗಲ 16 ಪಾಲು, ಎತ್ತರ 9 ಪಾಲು) ಪರದೆಯಾದರೆ ಅದರ ಅಗಲ ಸುಮಾರು 105 ಇಂಚು, ಅಂದರೆ ಎಂಟೂಮುಕ್ಕಾಲು ಅಡಿ. ನನ್ನ ಪ್ರೊಜೆಕ್ಟರ್‌ನ ಥ್ರೋ 1.5ರಿಂದ 1.65. ಕಡಿಮೆ ಅಂದರೂ 1.5. ಎಂಟೂಮುಕ್ಕಾಲನ್ನು ಒಂದೂವರೆಯಿಂದ ಗುಣಿಸಿ. 13 ಅಡಿ ದಾಟಿತು.

ನನ್ನ ರೂಮ್ 11ಕ್ಕೆ 13 ಅಡಿ. ಆಹಾ, 13 ಇದೆಯಲ್ಲ ಅಂತೀರಾ? ನಾನು ಸ್ಕ್ರೀನ್ ಹಾಕಿಸಿದ್ದು 13 ಅಡಿ ಅಗಲದ ಗೋಡೆಗೆ. ದೊಡ್ಡ ಗೋಡೆಗೆ ದೊಡ್ಡ ಪರದೆ ಅಂತ ನನ್ನ ತಲೆ. ಹಾಗಾಗಿ ಪರದೆಯಿಂದ ಹಿಂದಿನ ಗೋಡೆಗೆ ಉಳಿದಿದ್ದು 11 ಅಡಿ. ಅದರಲ್ಲೂ ಪ್ರೊಜೆಕ್ಟರ್‌ನ ಡಬ್ಬಕ್ಕೆ ಮುಕ್ಕಾಲು ಅಡಿ, ಹಿಂದೆ ಕೇಬಲ್ ಬಾಗಲು, ಗಾಳಿ ಆಡಲು ಇನ್ನರ್ಧ ಅಡಿ. ಲೆನ್ಸ್‌ನಿಂದ ಪರದೆಗೆ ನಿಜವಾಗಿ ಸಿಕ್ಕಿದ್ದು ಒಂಬತ್ತೂಮುಕ್ಕಾಲು ಅಡಿ. 1.5ರಿಂದ ಭಾಗಿಸಿದರೆ ಚಿತ್ರದ ಅಗಲ ಆರೂವರೆ ಅಡಿ. ಮೂಲೆಯಿಂದ ಮೂಲೆಗೆ ಇಂಚಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 90.

ಸ್ಕ್ರೀನ್ ಆಗಲೇ ಬಂದಿತ್ತು. 120 ಇಂಚಿನ ಫ್ರೇಮ್ ಸ್ಕ್ರೀನ್, ವಾಪಸ್ ತಗೊಳ್ಳಲ್ಲ ಅಂತ ಮೊದಲೇ ಹೇಳಿದ್ದರು. ಅದನ್ನು ಗೋಡೆಗೆ ಬಿಗಿದು ಪ್ರೊಜೆಕ್ಟರ್ ಹಾಕಿದರೆ ನಡುವೆ 90 ಇಂಚಿನ ಚಿತ್ರ. ಅಣ್ಣನ ಅಂಗಿ ಹಾಕಿಕೊಂಡ ಚಿಕ್ಕ ತಮ್ಮನ ಹಾಗೆ ಕಾಣುತ್ತಿತ್ತು. 120ಕ್ಕೂ 90ಕ್ಕೂ 30 ಇಂಚು ತಾನೇ ವ್ಯತ್ಯಾಸ ಅನ್ನಬೇಡಿ. ವಿಸ್ತೀರ್ಣದಲ್ಲಿ ಹೆಚ್ಚುಕಮ್ಮಿ ಅರ್ಧ ಹೋಯಿತು.

ಆಮೇಲೆ ಶುರುವಾಯಿತು ನನ್ನ ಸರ್ಕಸ್. ಮೊದಲು ಪ್ರೊಜೆಕ್ಟರನ್ನು ಬಾಗಿಲಾಚೆ ಪ್ಯಾಸೇಜಿನಲ್ಲಿ ಸ್ಟೂಲ್ ಮೇಲಿಟ್ಟು ಓರೆಯಾಗಿ ಬಿಟ್ಟೆ. ಕೀಸ್ಟೋನ್ ಅನ್ನೋ ಸೌಲಭ್ಯ ಇದೆಯಲ್ಲ, ಚಿತ್ರವನ್ನು ಚೌಕ ಮಾಡಿಕೊಡುತ್ತೆ ಅಂತ. ಮಾಡಿಕೊಡುತ್ತೆ, ನಿಜ. ಪಿಕ್ಸೆಲ್‌ಗಳನ್ನು ಬಿಸಾಕಿ, ಉಳಿದದ್ದನ್ನು ಹಿಂಡಿ ಮಾಡಿಕೊಡುತ್ತೆ. ಅಕ್ಷರಗಳ ಅಂಚು ಮಸುಕು. ಬಿಸಾಕಿದ ಜಾಗದಲ್ಲೂ ಸ್ವಲ್ಪ ಬೆಳಕು ಬೀಳುತ್ತಲೇ ಇರುತ್ತದೆ, ಚಿತ್ರದ ಪಕ್ಕ ಬೂದಿ ಬಣ್ಣದ ಒಂದು ತ್ರಿಕೋನ. ಅದನ್ನು ಒಮ್ಮೆ ನೋಡಿದರೆ ಆಯಿತು, ಆಮೇಲೆ ಸಿನಿಮಾ ಕಾಣಲ್ಲ, ತ್ರಿಕೋನವೇ ಕಾಣುತ್ತೆ. ಹಿಂದಿನ ಗೋಡೆಗೆ ತೂತು ಹೊಡೆದು ಟಾಕೀಸ್ ಕ್ಯಾಬಿನ್ ತರ ಮಾಡೋಣ ಅಂತಲೂ ಯೋಚಿಸಿದೆ. ಗೋಡೆಯಾಚೆ ಬಚ್ಚಲು.

ಕೊನೆಗೆ ರೂಮನ್ನೇ ತಿರುಗಿಸಿದೆ. ಪರದೆ 11 ಅಡಿ ಗೋಡೆಗೆ ಬಂತು. ಆ ಗೋಡೆಯಲ್ಲಿದ್ದ ಕಿಟಕಿಗೆ ಪ್ಲೈವುಡ್ ಹೊಡೆಸಿದೆ. ಪ್ರೊಜೆಕ್ಟರನ್ನು ಸೂರಿಗೆ ತಲೆಕೆಳಗಾಗಿ ನೇತುಹಾಕಿಸಿದೆ. ಈಗ 108 ಇಂಚು ಬಂತು. ಖುಷಿಯಿಂದ ಅಮ್ಮನನ್ನು ಕರೆದು ಕೂರಿಸಿದೆ. ಎರಡು ನಿಮಿಷ ನೋಡಿ, ‘ಅದೇನೋ ಪಟಪಟ ಅಂತಿದೆ ನೋಡೋ’ ಅಂದರು. ಸೀಲಿಂಗ್ ಫ್ಯಾನ್! ರೂಮಿನ ಸರಿ ಮಧ್ಯೆ, ಬೆಳಕಿನ ದಾರಿಯಲ್ಲೇ ನೇತಾಡುತ್ತಿತ್ತು. ಚಿತ್ರದ ಮೇಲ್ಭಾಗದಲ್ಲಿ ರೆಕ್ಕೆಯ ನೆರಳು ಸುತ್ತುತ್ತಿತ್ತು. ಫ್ಯಾನ್ ನಿಲ್ಲಿಸಿದರೆ ಬೆವರು, ಅದೂ ಏಪ್ರಿಲ್. ವಿದೇಶದವರ ರಿವ್ಯೂ ಎಷ್ಟು ನೋಡಿದ್ದೆನೋ, ಒಬ್ಬನೂ ಸೀಲಿಂಗ್ ಫ್ಯಾನ್ ವಿಷಯ ಹೇಳಿರಲಿಲ್ಲ. ಅದನ್ನು ಬಿಚ್ಚಿಸಿ ಎರಡು ಗೋಡೆ ಫ್ಯಾನ್ ಹಾಕಿಸಿದೆ. ಸ್ಕ್ರೀನ್‌ನಲ್ಲಿ ಉಳಿದ ಬಿಳಿ ಅಂಚಿಗೆ ಸಂತೆಪೇಟೆಯಿಂದ ಕಪ್ಪು ವೆಲ್ವೆಟ್ ತಂದು ಅಂಟಿಸಿದೆ. ‘ಕೋಣೆ ಇದ್ದಷ್ಟು ಪರದೆ ಚಾಚು’ ಅಂತ ಹೆಂಡತಿ ಇವತ್ತಿಗೂ ಛೇಡಿಸುತ್ತಾಳೆ.

ಒಂದು ಟೇಪು, ಹತ್ತು ನಿಮಿಷ. ಅಷ್ಟರಲ್ಲಿ ಮುಗಿಯುವ ಕೆಲಸ. ಅದನ್ನು ಮಾಡದೆ ಬಡಗಿ, ಎಲೆಕ್ಟ್ರಿಷಿಯನ್, ಪೇಂಟರ್ ಎಲ್ಲರಿಗೂ ಎರಡೆರಡು ಸಲ ಕೂಲಿ ಕೊಟ್ಟೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೀವು ಹಾಲ್‌ಗೆ ಅಂದಿದ್ದೀರಿ. ಹಾಲ್‌ಗೆ ಪ್ರೊಜೆಕ್ಟರ್ ಬೇಡ. ಅದೇ ದುಡ್ಡಿಗೆ 65 ಇಂಚಿನ ಒಳ್ಳೇ ಟಿವಿ ತಗೊಳ್ಳಿ. ಕೋಪ ಬಂದರೂ ಪರವಾಗಿಲ್ಲ, ಪೂರ್ತಿ ಓದಿ.

ಲ್ಯುಮೆನ್ಸ್ ಜಾಸ್ತಿ ಇದ್ದರೆ ಹಗಲಲ್ಲೂ ನಡೆಯುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಬರಲ್ಲ. ಬೆಳಕು ಬಿಡಬಹುದು, ಬಿಡದೆ ಇರಬಹುದು, ಅಷ್ಟೇ. ಚಿತ್ರದಲ್ಲಿ ಕಪ್ಪು ಇರುವ ಕಡೆ ನಿಮಗೆ ಕಾಣುವುದು ನಿಮ್ಮದೇ ಬಿಳಿ ಪರದೆ. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ನಾಯಕನ ಕೂದಲು ಬೂದಿ ಬಣ್ಣ. ಟೂರಿಂಗ್ ಟಾಕೀಸಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಕತ್ತಲಾಗದೆ ಟೆಂಟಿನಲ್ಲಿ ಶೋ ಶುರುವಾಗುತ್ತಿರಲಿಲ್ಲ. ಅದೇ ಪೂರ್ತಿ ಕತ್ತಲೆ ಇದ್ದರೆ ಬೇಕಾಗುವ ಬೆಳಕು ಆಶ್ಚರ್ಯ ಆಗುವಷ್ಟು ಕಡಿಮೆ. ಡಿಜಿಟಲ್ ಸಿನಿಮಾಗೆ ಹಾಲಿವುಡ್ ಸ್ಟುಡಿಯೋಗಳು ಸೇರಿ ಮಾಡಿದ ಡಿಸಿಐ ನಿಯಮದಲ್ಲಿ ಥಿಯೇಟರ್ ಪರದೆಗೆ 48 ನಿಟ್ಸ್ (ಪರದೆ ಎಷ್ಟು ಬೆಳಗುತ್ತದೆ ಅನ್ನೋ ಅಳತೆ) ಬೆಳಕು ಸಾಕು. ನಿಮ್ಮ ಕೈಲಿರುವ ಫೋನು ಅದರ ಹತ್ತು ಪಟ್ಟು ಬೆಳಗುತ್ತದೆ. ಸಾಮಾನ್ಯ ಬಿಳಿ ಪರದೆಯ ಮೇಲೆ 120 ಇಂಚಿಗೆ ಲೆಕ್ಕ ಹಾಕಿದರೆ ಸುಮಾರು 600 ಲ್ಯುಮೆನ್ಸ್. ಬಣ್ಣ ಸರಿ ಬರುವ ಮೋಡ್‌ಗೆ ಹಾಕಿದರೆ ಬೆಳಕು ತುಂಬ ಇಳಿಯುತ್ತೆ, ಲ್ಯಾಂಪ್ ಹಳೆಯದಾದಂತೆ ಇನ್ನೂ ಇಳಿಯುತ್ತೆ, ಅದಕ್ಕೆ 2000 ಅಂತ ಇಟ್ಟುಕೊಳ್ಳಿ. ಅದೂ ‘ಆನ್ಸಿ’ ಅಥವಾ ‘ಐಎಸ್‌ಒ’ ಲ್ಯುಮೆನ್ಸ್, ಅಂದರೆ ಗೊತ್ತಾದ ಪದ್ಧತಿಯಲ್ಲಿ ಅಳೆದದ್ದು, ಅಂತ ಬರೆದಿರಬೇಕು. ಹತ್ತು ಸಾವಿರ ರೂಪಾಯಿಯ ಡಬ್ಬದ ಮೇಲೆ ಬರೀ ‘9000 ಲ್ಯುಮೆನ್ಸ್’ ಅಂತಿದ್ದರೆ ಸುಮ್ನೆ ನಕ್ಕು ಮುಂದೆ ಹೋಗಿ. ‘4ಕೆ ಸಪೋರ್ಟ್’ ಅನ್ನೋದೂ ಅದೇ ಜಾತಿ. 4ಕೆ ವಿಡಿಯೊ ಒಳಗೆ ತಗೊಳ್ಳುತ್ತೆ, ಗೋಡೆ ಮೇಲೆ ಬಿಡುವುದು 1080ಪಿ, ಕೆಲವು ಸಲ 720ಪಿ. ‘ನೇಟಿವ್ ರೆಸಲ್ಯೂಶನ್’, ಅಂದರೆ ನಿಜವಾಗಿ ಗೋಡೆಗೆ ಬಿಡುವುದು ಎಷ್ಟು ಅಂತ ಕೇಳಿ.

ನಿಜವಾದ 4ಕೆ ಬೇಕಾ? ಹತ್ತಡಿಯಿಂದ ನೋಡಿದರೆ ವ್ಯತ್ಯಾಸ ಕಾಣುತ್ತೆ, ಸುಳ್ಳು ಹೇಳಲ್ಲ. ಆದರೆ ಆ ದುಡ್ಡಲ್ಲಿ ಮೊದಲು ಕಿಟಕಿಗೆ ದಪ್ಪ ಕರ್ಟನ್ ಹೊಲಿಸಿ, ಸೂರಿಗೂ ಪಕ್ಕದ ಗೋಡೆಗೂ ಗಾಢ ಬಣ್ಣ ಹೊಡೆಸಿ ಅಂತೀನಿ. ರೂಮಿಗೆ ಕಡು ನೀಲಿ ಬಣ್ಣ ಹೊಡೆದ ಮೇಲೆ ನನ್ನ ಹಳೇ 1080ಪಿ ಪೆಟ್ಟಿಗೆ ಬೇರೆ ಪ್ರೊಜೆಕ್ಟರೇ ಆಯಿತು.

ಟೇಬಲ್ ಮೇಲಿಟ್ಟು ಒಂದಡಿ ದೂರದಿಂದ ಬಿಡುವ ಅಲ್ಟ್ರಾ ಶಾರ್ಟ್ ಥ್ರೋ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಲ್‌ಗೆ ಹೊಂದುತ್ತೆ, ಫ್ಯಾನ್ ಕಾಟ ಇಲ್ಲ. ಆದರೆ ಅದಕ್ಕೆಂದೇ ಮಾಡಿದ ಸ್ಕ್ರೀನ್ ಸೇರಿಸಿದರೆ ನಿಮ್ಮ ಒಂದು ಲಕ್ಷ ಎಲ್ಲಿಗೂ ಸಾಲದು. ಸ್ಕ್ರೀನ್ ಬಿಟ್ಟು ಬರೀ ಗೋಡೆಗೆ ಬಿಟ್ಟರೆ ಗಾರೆಯವನ ಕೈಬೆರಳಿನ ಗುರುತೆಲ್ಲ ಅಲೆ ಅಲೆಯಾಗಿ ಕಾಣುತ್ತೆ.

ಹಾಲ್ ಬಿಟ್ಟು ಬೇರೆ ರೂಮ್ ಇದ್ದರೆ ಮಾತ್ರ ಮುಂದೆ ಓದಿ. ಪ್ರೊಜೆಕ್ಟರ್‌ಗೆ ಚಿತ್ರ ತರುವ ಎಚ್‌ಡಿಎಂಐ ಕೇಬಲನ್ನು ಗೋಡೆಯೊಳಗೆ ನೇರವಾಗಿ ಹೂಳಬೇಡಿ, ದಪ್ಪ ಪೈಪ್ ಹಾಕಿಸಿ. ಮುಕ್ಕಾಲು ಇಂಚಿನ ಪೈಪಿನ ಬೆಂಡಿನಲ್ಲಿ ಅದರ ಪ್ಲಗ್ ನುಗ್ಗಲ್ಲ. ಹತ್ತು ಮೀಟರ್ ದಾಟಿದರೆ ಸಾಮಾನ್ಯ ತಾಮ್ರದ ಕೇಬಲಿನಲ್ಲಿ 4ಕೆ ಕೈಕೊಡುತ್ತೆ, ಬೆಳಕಿನ ಮೂಲಕ ಸಿಗ್ನಲ್ ಕಳಿಸುವ ಆಪ್ಟಿಕಲ್ ಕೇಬಲ್ ಬೇಕು. ಅದಕ್ಕೆ ತಲೆ ಬಾಲ ಇದೆ, ಒಂದು ತುದಿ ಪ್ಲೇಯರ್‌ಗೆ, ಇನ್ನೊಂದು ಪ್ರೊಜೆಕ್ಟರ್‌ಗೆ, ತಿರುಗಾಮುರುಗಾ ಎಳೆದರೆ ಕೆಲಸ ಮಾಡಲ್ಲ. ಲ್ಯಾಂಪ್ ಪ್ರೊಜೆಕ್ಟರ್ ಆದರೆ ಒಂದು ಸಣ್ಣ ಯುಪಿಎಸ್ ಇಡಿ. ಆಫ್ ಮಾಡಿದ ಮೇಲೂ ಲ್ಯಾಂಪ್ ತಣ್ಣಗಾಗಲು ಒಳಗಿನ ಫ್ಯಾನ್ ತಿರುಗುತ್ತಿರಬೇಕು. ಕರೆಂಟ್ ಫಟ್ ಅಂತ ಹೋದರೆ ಅದೂ ನಿಲ್ಲುತ್ತೆ. ಈಗ ತಗೊಳ್ಳುವುದಾದರೆ ಲೇಸರ್ ನೋಡಿ, 20,000 ಗಂಟೆ ಬಾಳಿಕೆ ಅನ್ನುತ್ತಾರೆ, ಲ್ಯಾಂಪ್ ಬದಲಿಸುವ ಗೋಳಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಮಾತು. 2025ರ ಜೂನ್ 3, ಆರ್‌ಸಿಬಿ ಫೈನಲ್. 18ನೇ ಸೀಸನ್. ಮಹಡಿ ಮೇಲೆ ನನ್ನ 108 ಇಂಚಿನ ಕತ್ತಲೆ ಕೋಣೆ ರೆಡಿ ಇತ್ತು. ಒಂದು ಓವರ್ ನೋಡಿ ಎಲ್ಲರೂ ಕೆಳಗಿಳಿದರು. ಮಹಡಿಯಲ್ಲಿ ಲೈಟ್ ಹಾಕುವ ಹಾಗಿಲ್ಲ, ಮಂಡಕ್ಕಿ ತಟ್ಟೆ ಕಾಣಲ್ಲ, ಸಿಕ್ಸ್ ಹೊಡೆದರೆ ಪಕ್ಕದವರ ಮುಖ ಕಾಣಲ್ಲ. ಬೀದಿಯ ಹುಡುಗರೆಲ್ಲ ಹಾಲ್‌ನ 43 ಇಂಚಿನ ಟಿವಿ ಮುಂದೆ. 6 ರನ್‌ನಿಂದ ಗೆದ್ದಾಗ ನಾನೂ ಅಲ್ಲೇ ನೆಲದ ಮೇಲೆ ಕೂತಿದ್ದೆ. ಮಹಡಿಯಲ್ಲಿ ಪ್ರೊಜೆಕ್ಟರ್ ಪಾಡಿಗೆ ಪ್ರೊಜೆಕ್ಟರ್ ಉರಿಯುತ್ತಿತ್ತು, ಆಫ್ ಮಾಡಲು ನೆನಪಾಗಿದ್ದು ರಾತ್ರಿ ಒಂದು ಗಂಟೆಗೆ.

ಇಷ್ಟಾದ ಮೇಲೂ ಪ್ರೊಜೆಕ್ಟರೇ ಬೇಕು ಅಂದರೆ ರೂಮಿನ ಉದ್ದ, ಅಗಲ, ಸೂರಿನ ಎತ್ತರ ಬರೆದು ಹಾಕಿ. ಫ್ಯಾನ್ ಎಲ್ಲಿದೆ ಅನ್ನೋದನ್ನೂ ಬರೆಯಿರಿ.