ವಿಮೆ ಅವರ ಹೆಸರಿನಲ್ಲಿರಲಿ, ಕಂತು ನೀವು ಕಟ್ಟಿ

ನಾಲ್ಕು ವರ್ಷದಿಂದ ನಿಮ್ಮ ಮನೆಗೆಲಸಕ್ಕೆ ಬರುತ್ತಿರುವ ಮಹಿಳೆಗೆ ಆರೋಗ್ಯ ವಿಮೆ ಮಾಡಿಸಬೇಕೆಂದಿದ್ದೀರಿ. ನಿಮ್ಮ ಕುಟುಂಬದ ಪಾಲಿಸಿಯಲ್ಲೇ ಅವರನ್ನು ಸೇರಿಸಬಹುದೇ, ಕಟ್ಟಿದ ಹಣಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಎರಡೂ ಆಗುವುದಿಲ್ಲ. ಕುಟುಂಬದ ಪಾಲಿಸಿಗೆ ನೆಂಟಸ್ತಿಕೆ ಬೇಕು. ಆರೋಗ್ಯ ವಿಮೆಯ ಆದಾಯ ತೆರಿಗೆ ವಿನಾಯಿತಿ ನಿಮಗೆ, ನಿಮ್ಮ ಸಂಗಾತಿಗೆ, ಮಕ್ಕಳಿಗೆ, ತಂದೆತಾಯಿಗೆ ಕಟ್ಟಿದ ಕಂತಿಗಷ್ಟೇ. ಆದರೂ ದಯವಿಟ್ಟು ಮಾಡಿಸಿ. ಪಾಲಿಸಿ ಅವರ ಹೆಸರಿನಲ್ಲಿರಲಿ; ಹಣವನ್ನು ಅವರ ಬ್ಯಾಂಕ್ ಖಾತೆಗೆ ಹಾಕಿ, ಅಲ್ಲಿಂದಲೇ ಕಟ್ಟಿಸಿ.

ಅದಕ್ಕೂ ಮೊದಲು ಅವರ ಬಳಿ ಬಿಪಿಎಲ್ ಪಡಿತರ ಚೀಟಿ ಇದೆಯೇ ಕೇಳಿ. ನಾನು ಕೇಳಿರಲಿಲ್ಲ. 2020ರಲ್ಲಿ, ಬೆಂಗಳೂರಿನ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕನಿಗೆ ಆರೋಗ್ಯ ಸಂಜೀವನಿ ಪಾಲಿಸಿ ಮಾಡಿಸಿ ನಿಶ್ಚಿಂತೆಯಾಗಿ ಕುಳಿತೆ. ಹದಿನಾಲ್ಕು ತಿಂಗಳಾಗಿತ್ತು, ಅವರ ಗರ್ಭಕೋಶ ತೆಗೆಯಬೇಕೆಂದು ವೈದ್ಯರು ಹೇಳಿದರು. ಖಾಸಗಿ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಎರಡು ಗಂಟೆ ಕಾದ ಮೇಲೆ ಉತ್ತರ ಬಂತು: ಈ ಶಸ್ತ್ರಚಿಕಿತ್ಸೆಗೆ ಪಾಲಿಸಿ ಮಾಡಿಸಿದ ದಿನದಿಂದ ಇಪ್ಪತ್ತನಾಲ್ಕು ತಿಂಗಳು ಕಳೆದಿರಬೇಕು. ಪಾಲಿಸಿಯಲ್ಲಿ ಹಾಗೆಯೇ ಅಚ್ಚಾಗಿತ್ತು, ನಾನು ಓದಿರಲಿಲ್ಲ. ಅಕ್ಕ ನನ್ನ ಮುಖ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕೊನೆಗೆ ಕೈಹಿಡಿದದ್ದು ಅವರ ಪಡಿತರ ಚೀಟಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ, ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಆಯಿತು. ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂದರೆ, ತುರ್ತು ಸಂದರ್ಭ ಬಿಟ್ಟು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರಕ್ಕಾಗಿ ಓಡಾಡಲು ಅವರ ಜೊತೆ ಯಾರಾದರೂ ಇರಬೇಕು. ಸಾಧ್ಯವಾದರೆ ನೀವೇ ಹೋಗಿ. ಅವರ ಬಳಿ ಈ ಯೋಜನೆಯ ಕಾರ್ಡ್ ಇಲ್ಲದಿದ್ದರೆ ಆಧಾರ್ ಮತ್ತು ಪಡಿತರ ಚೀಟಿ ಹಿಡಿದುಕೊಂಡು ಈ ವಾರವೇ ಮಾಡಿಸಿ.

ಹಾಗಾದರೆ ಖಾಸಗಿ ಪಾಲಿಸಿ ಏಕೆ ಎನ್ನಬಹುದು. ಬಿಪಿಎಲ್ ಚೀಟಿ ಇಲ್ಲದವರು ಬಹಳ ಮಂದಿ ಇದ್ದಾರೆ, ಬೇರೆ ರಾಜ್ಯದಿಂದ ಬಂದವರೂ ಇದ್ದಾರೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ನಿಗದಿತ ವೆಚ್ಚದ ಶೇಕಡಾ 30 ಮಾತ್ರ. ಈಗ ಕಂತಿನ ಹೊರೆಯೂ ಸ್ವಲ್ಪ ಇಳಿದಿದೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ.

ಅರ್ಜಿ ತುಂಬುವಾಗ ಅವರ ಪಕ್ಕದಲ್ಲಿ ಕುಳಿತು ನಿಧಾನವಾಗಿ ಕೇಳಿ. ಮೆಡಿಕಲ್ ಸ್ಟೋರ್‌ನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಎಷ್ಟೋ ಮಂದಿ ಅದನ್ನು ಕಾಯಿಲೆ ಎಂದು ಹೇಳುವುದೇ ಇಲ್ಲ. ಬರೆಯದೆ ಬಿಟ್ಟರೆ ಮುಂದೆ ಕ್ಲೇಮ್ ತಿರಸ್ಕಾರವಾಗಬಹುದು. ಬರೆದರೆ ಆ ಕಾಯಿಲೆಯ ಖರ್ಚು ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗುತ್ತದೆ. ಮೊಬೈಲ್ ಸಂಖ್ಯೆಯ ಜಾಗದಲ್ಲಿ ನಿಮ್ಮದನ್ನು ಹಾಕಬೇಡಿ, ಅವರದನ್ನೇ ಹಾಕಿ.

ಕಂತನ್ನು ಸಂಬಳದಲ್ಲಿ ಹಿಡಿಯಬೇಡಿ. "ಆ ದುಡ್ಡು ಕೈಗೇ ಕೊಡಿ ಅಮ್ಮ, ಮಗಳ ಫೀಸಿಗೆ ಆಗುತ್ತದೆ" ಎಂದು ಅಕ್ಕ ಮೊದಲು ಹೇಳಿದ್ದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಇದು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಂಬಿಕೆ ಬಂದ ಮೇಲೆಯೇ ಒಪ್ಪಿದರು.

ವಿಮೆ ಕೊಡದ ಒಂದು ಖರ್ಚಿದೆ, ಅದೇ ಅವರನ್ನು ಹೆಚ್ಚು ಹಿಂಡುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಭಾರ ಎತ್ತಬಾರದೆಂದು ವೈದ್ಯರು ಹೇಳಿದರು. ಅಕ್ಕ ನಾಲ್ಕು ಮನೆಗಳಲ್ಲಿ ದುಡಿಯುತ್ತಿದ್ದರು. ಎರಡು ಮನೆಯವರು ಎರಡನೇ ವಾರಕ್ಕೇ ಬೇರೆಯವರನ್ನು ಇಟ್ಟುಕೊಂಡರು. ನಮ್ಮ ಮನೆಯ ಸಂಬಳ ಪೂರ್ತಿ ಕೊಟ್ಟೆ. ನಾಲ್ಕನೆಯ ಮನೆಯವರೊಂದಿಗೆ ಮಾತಾಡಿದೆ, ಅವರೂ ಒಪ್ಪಿದರು. ಆ ಆರು ವಾರಗಳ ಹಣವನ್ನೂ ಈಗಲೇ ನಿಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಅಕ್ಕ ಈಗ ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಪಾಲಿಸಿ ಅವರದೇ ಹೆಸರಿನಲ್ಲಿದ್ದುದರಿಂದ, ಕಾದು ಕಳೆದ ಅಷ್ಟೂ ವರ್ಷಗಳು ಅವರ ಜೊತೆಯಲ್ಲೇ ಹೋದವು. ನವೀಕರಣದ ದಿನಕ್ಕೆ ಹದಿನೈದು ದಿನ ಮೊದಲೇ ಹಣ ಹಾಕಿ ಫೋನ್ ಮಾಡುತ್ತೇನೆ. ಮಗಳು ಮೊಬೈಲಿನಲ್ಲಿ ಕಟ್ಟಿ ರಸೀದಿ ಕಳುಹಿಸುತ್ತಾಳೆ.