ಸಾಲ್ಸಾ ಕ್ಲಾಸ್‌ಗೆ ಒಬ್ಬರೇ ಹೋಗಬಹುದಾ ಅಂತ ಕೇಳಿದಿರಲ್ಲ

ಧಾರಾಳವಾಗಿ ಹೋಗಿ. ಸಾಲ್ಸಾ ಅಂದರೆ ಇಬ್ಬರು ಕೈ ಹಿಡಿದು ಕುಣಿಯುವ ಡ್ಯಾನ್ಸ್, ಆದರೂ ಜೋಡಿ ಕರೆದುಕೊಂಡು ಹೋಗಬೇಕಾಗಿಲ್ಲ. ಡ್ಯಾನ್ಸ್ ಗೊತ್ತಿರಬೇಕಾಗಿಲ್ಲ. 34 ವಯಸ್ಸು ಏನೇನೂ ಜಾಸ್ತಿಯಲ್ಲ.

ನೀವು ಬರೆದದ್ದು ಓದಿ ನನ್ನ ಮೊದಲ ವರ್ಷ ನೆನಪಾಯಿತು. ಹೊಸ ಊರಿಗೆ ಬಂದು ಐದು ತಿಂಗಳಾಗಿದೆ, ಆಫೀಸಿನವರು ಒಳ್ಳೆಯವರೇ, ಆದರೆ ಸಂಜೆಯಾದರೆ ಅವರವರ ಮನೆ ಅವರವರಿಗೆ ಅಂದಿರಿ. ಭಾನುವಾರ ಸಂಜೆ ಮನೆಯವರ ಫೋನ್ ಇಟ್ಟ ಮೇಲೆ ರೂಮಿನಲ್ಲಿ ಕೂರುವುದೇ ಕಷ್ಟ ಅಂದಿರಿ. ನನಗೆ ಅದು ಚೆನ್ನಾಗಿ ಗೊತ್ತು. ನಾನು ಬಂದು 14 ವರ್ಷವಾಯಿತು. ಇಲ್ಲಿ ನನಗೆ ಹತ್ತಿರವಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಿಕ್ಕಿದ್ದು ಸಾಲ್ಸಾ ಕ್ಲಾಸಿನಲ್ಲೇ.

ಜಿಮ್‌ನಲ್ಲಿ ಪಕ್ಕದವರ ಜೊತೆ ಮಾತಾಡಬೇಕು ಅಂದರೆ ನೀವೇ ಮುಂದಾಗಬೇಕು. ಇಲ್ಲಿ ಹಾಗಲ್ಲ. ಎಲ್ಲರೂ ಸುತ್ತಲೂ ವೃತ್ತದಲ್ಲಿ ನಿಲ್ಲುತ್ತಾರೆ. ಎರಡು ಮೂರು ನಿಮಿಷಕ್ಕೊಮ್ಮೆ ಟೀಚರ್ 'ಚೇಂಜ್' ಅನ್ನುತ್ತಾರೆ. ಒಂದು ಸಾಲಿನವರು ಪಕ್ಕಕ್ಕೆ ಸರಿಯುತ್ತಾರೆ, ಎದುರಿಗೆ ಹೊಸಬರು. ಹೆಸರು ಹೇಳಿ, ಕೈ ಕೊಡಿ, ಶುರು ಮಾಡಿ. ಒಂದು ಗಂಟೆಯಲ್ಲಿ ಹತ್ತು ಹದಿನೈದು ಜನರ ಹೆಸರು ಕೇಳಿರುತ್ತೀರಿ. ಭಾಷೆ ತಡವರಿಸಿದರೂ ಪರವಾಗಿಲ್ಲ. ಬೇಕಾಗುವ ಮಾತು ಎಂಟರವರೆಗೆ ಎಣಿಸುವುದು, ಎಡ, ಬಲ, 'ಇನ್ನೊಂದು ಸಲ', ಅಷ್ಟೇ.

ಮೊದಲ ದಿನ ನನಗೆ ಮೈಚಳಿ ಬಿಡಲೇ ಇಲ್ಲ. ಅಪರಿಚಿತರ ಕೈ ಹಿಡಿಯುವುದು ಹೇಗೆ ಅಂತ ಗೊತ್ತಾಗದೆ ಗಟ್ಟಿಯಾಗಿ ಹಿಡಿದುಬಿಟ್ಟಿದ್ದೆ. ಎದುರಿಗಿದ್ದವರು ಸುಮಾರು 60 ವರ್ಷದ ಹೆಂಗಸು. ಅವರು ನಿಂತು, ನನ್ನ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ ತಮ್ಮ ಕೈಯಿಂದ ಆಚೆ ಇಟ್ಟರು. ನಕ್ಕು, ತಮ್ಮ ಬೆರಳುಗಳನ್ನು ನನ್ನ ಬೆರಳುಗಳ ಮೇಲೆ ಸುಮ್ಮನೆ ಕೊಕ್ಕೆ ಹಾಗೆ ಇಟ್ಟರು. ಅದೇ ಸರಿಯಾದ ಹಿಡಿತ. ಹೆಬ್ಬೆರಳು ಒತ್ತಿದರೆ ಎದುರಿನವರು ತಿರುಗುವಾಗ ಮಣಿಕಟ್ಟು ತಿರುಚುತ್ತದೆ. ಇವತ್ತಿಗೂ ಹೊಸಬರು ಯಾರಾದರೂ ಸಿಕ್ಕರೆ ನಾನು ಮೊದಲು ಹೇಳುವುದು ಇದನ್ನೇ.

ಈಗ ಹೆಜ್ಜೆ ವಿಷಯ. ಎಣಿಕೆ 8ರದ್ದು. ಕಾಲು ಇಡುವುದು 1, 2, 3 ಮತ್ತು 5, 6, 7ಕ್ಕೆ. 4ಕ್ಕೂ 8ಕ್ಕೂ ಹೊಸ ಹೆಜ್ಜೆ ಇಲ್ಲ. ಹೆಚ್ಚಿನ ಕ್ಲಾಸುಗಳಲ್ಲಿ ಲೀಡ್ ಮಾಡುವವರು, ಅಂದರೆ ಮುಂದೇನು ಅಂತ ಕೈಯಿಂದ ಸೂಚಿಸುವವರು, 1ಕ್ಕೆ ಎಡಗಾಲು ಮುಂದಿಡುತ್ತಾರೆ; ಫಾಲೋ ಮಾಡುವವರು, ಅಂದರೆ ಆ ಸೂಚನೆಯಂತೆ ಕುಣಿಯುವವರು, ಬಲಗಾಲು ಹಿಂದಿಡುತ್ತಾರೆ. ಹೆಜ್ಜೆ ಚಿಕ್ಕದಾಗಿರಲಿ. ಒಂದು ಪಾದದಷ್ಟು ಉದ್ದ ಸಾಕು. ಉದ್ದ ಹೆಜ್ಜೆ ಇಟ್ಟರೆ ವಾಪಸ್ ಬರುವಷ್ಟರಲ್ಲಿ ತಾಳ ಹೋಗಿರುತ್ತದೆ. ಕಾಲು ನೋಡಿಕೊಳ್ಳಬೇಡಿ. ತಲೆ ಬಗ್ಗಿದರೆ ಬೆನ್ನು ಬಗ್ಗುತ್ತದೆ, ಎದುರಿನವರಿಗೆ ನಿಮ್ಮ ಕೈಯಿಂದ ಏನೂ ತಿಳಿಯುವುದಿಲ್ಲ.

ಹಾಡಿನಲ್ಲಿ 1 ಎಲ್ಲಿದೆ ಅಂತ ಹುಡುಕುವುದೇ ಎಲ್ಲರಿಗೂ ಮೊದಲ ಕಷ್ಟ. ಇದಕ್ಕೆ ಕ್ಲಾಸಿಗಿಂತ ಮನೆಯಲ್ಲಿ ಕೇಳುವುದೇ ಜಾಸ್ತಿ ಉಪಯೋಗ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ದಿನಕ್ಕೆ ಅರ್ಧ ಗಂಟೆ ಸಾಲ್ಸಾ ಹಾಡು ಕೇಳಿ. ಕಾಂಗಾ ಅನ್ನುವ ಉದ್ದನೆಯ ಡ್ರಮ್ ಮೇಲೆ ಕಿವಿ ಇಡಿ. ಅದು ಸಾಮಾನ್ಯವಾಗಿ 'ದುಮ್ ದುಮ್' ಅಂತ ಎರಡು ಸಲ ತೆರೆದ ದನಿಯಲ್ಲಿ ನುಡಿಯುವುದು ನಾವು ಕಾಲು ಇಡದ ಆ 4 ಮತ್ತು 8ರ ಜಾಗದಲ್ಲೇ. ಅದು ಕೇಳಿಸಿತು ಅಂದರೆ ಮುಂದಿನ ಹೆಜ್ಜೆ 1 ಅಥವಾ 5. ನನಗೆ ಇದು ಕೇಳಿಸಲು ಎರಡು ತಿಂಗಳು ಹಿಡಿಯಿತು. ಕೇಳಿಸಿದ ಮೇಲೆ ಎಣಿಸುವುದು ತಾನಾಗೇ ನಿಂತಿತು.

ಲೀಡ್ ಕಲಿಯುವುದಾದರೆ ಒಂದು ಮಾತು ಮೊದಲೇ ತಿಳಿದಿರಲಿ. ಮೊದಲ ಮೂರು ನಾಲ್ಕು ತಿಂಗಳು ಲೀಡ್ ಮಾಡುವವರಿಗೇ ಕಷ್ಟ ಜಾಸ್ತಿ. ತಾಳ, ಹೆಜ್ಜೆ, ಮುಂದೇನು ಅನ್ನುವ ಯೋಚನೆ, ಜಾಗ ಖಾಲಿ ಇದೆಯಾ ಅಂತ ನೋಡುವುದು, ಎಲ್ಲ ಒಟ್ಟಿಗೆ ತಲೆಯಲ್ಲಿ ಓಡುತ್ತಿರುತ್ತದೆ. ಫಾಲೋ ಮಾಡುವವರು ಬೇಗ ಕಲಿಯುತ್ತಿರುವ ಹಾಗೆ ಕಾಣುತ್ತದೆ. ಅವರ ಕಷ್ಟ ಆಮೇಲೆ ಬರುತ್ತದೆ. ಇದು ಗೊತ್ತಿಲ್ಲದೆ ನಾನು ನಾಲ್ಕನೇ ವಾರಕ್ಕೆ ಬಿಟ್ಟುಬಿಟ್ಟೆ. ಎಲ್ಲರಿಗೂ ಬರುತ್ತಿದೆ, ನನಗೊಬ್ಬನಿಗೇ ಬರುತ್ತಿಲ್ಲ ಅಂದುಕೊಂಡಿದ್ದೆ. ಮತ್ತೆ ಹೋಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಆ ಎಂಟು ತಿಂಗಳು ನಾನು ಸುಮ್ನೆ ಕಳೆದುಕೊಂಡೆ ಅಂತ ಈಗಲೂ ಬೇಜಾರಿದೆ. ನೀವು ಹಾಗೆ ಮಾಡಬೇಡಿ. ಏನೇ ಆಗಲಿ ಮೂರು ತಿಂಗಳು ಅಂತ ಗಟ್ಟಿ ಮಾಡಿಕೊಂಡು ಹೋಗಿ. ಬಿಗಿನರ್ ಕೋರ್ಸನ್ನೇ ಎರಡು ಸಲ ಮಾಡಿದರೂ ತಪ್ಪಿಲ್ಲ. ಬೇಸಿಕ್ (ಮೇಲೆ ಹೇಳಿದ ಹೆಜ್ಜೆ), ರೈಟ್ ಟರ್ನ್ (ಬಲಕ್ಕೆ ಸುತ್ತು ತಿರುಗುವುದು), ಕ್ರಾಸ್ ಬಾಡಿ ಲೀಡ್ (ಲೀಡ್ ಮಾಡುವವರು ಪಕ್ಕಕ್ಕೆ ಸರಿದು ಎದುರಿನವರನ್ನು ಆಚೆ ಬದಿಗೆ ದಾಟಿಸುವುದು), ಈ ಮೂರು ಚೆನ್ನಾಗಿ ಬಂದರೆ ಒಂದು ಇಡೀ ಹಾಡು ಸಂತೋಷವಾಗಿ ಕುಣಿಯಬಹುದು.

ಯಾವ ಸ್ಟೈಲ್ ಅಂತ ಕೇಳಿದಿರಿ. ಆನ್ 1, ಆನ್ 2 (ಮುಂದೆ ಹಿಂದೆ ದಿಕ್ಕು ಬದಲಿಸುವ ಹೆಜ್ಜೆ ಎಣಿಕೆಯ 1ಕ್ಕೋ 2ಕ್ಕೋ ಅನ್ನುವ ವ್ಯತ್ಯಾಸ), ಕ್ಯೂಬನ್, ಅಂತೆಲ್ಲ ಬೋರ್ಡ್ ಹಾಕಿರುತ್ತಾರೆ. ಮನೆಗೆ ಹತ್ತಿರ ಯಾವುದಿದೆಯೋ ಅದು. ಮೊದಲ ಆರು ತಿಂಗಳು ಬೆರೆಸಬೇಡಿ ಅಷ್ಟೇ. ಕ್ಯೂಬನ್ ಸಿಕ್ಕರೆ ಅದರಲ್ಲಿ ರುಯೇದಾ ಅಂತ ಒಂದಿದೆ. ಜೋಡಿಗಳೆಲ್ಲ ವೃತ್ತ ಕಟ್ಟಿ, ಒಬ್ಬರು ಕೂಗಿದ ಹಾಗೆ ಎಲ್ಲರೂ ಒಟ್ಟಿಗೆ ತಿರುಗುವುದು. 'ದಾಮೆ' ಅಂತ ಕೂಗಿದರೆ ಲೀಡ್ ಮಾಡುವವರು ಪಕ್ಕದ ಹೊಸ ಜೊತೆಗಾರರ ಕೈ ಹಿಡಿಯಬೇಕು. ನಾಚಿಕೆ ಸ್ವಭಾವದವರಿಗೆ ಅದು ತುಂಬಾ ಹಿತ.

ಬೂಟಿನ ವಿಷಯ ಮಾತ್ರ ಅಲಕ್ಷ್ಯ ಮಾಡಬೇಡಿ. ಓಡುವ ಬೂಟಿನ ರಬ್ಬರ್ ತಳ ನೆಲಕ್ಕೆ ಅಂಟುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಮಂಡಿಗೆ ಪೆಟ್ಟು. ನುಣುಪಾದ ತಳದ ಯಾವುದೇ ಹಗುರ ಬೂಟು ಸಾಕು. ಮುಂದುವರಿಸುವುದು ಖಚಿತವಾದ ಮೇಲೆ ಡ್ಯಾನ್ಸ್ ಬೂಟು ಕೊಳ್ಳಿ. ಬೆವರು ಬರುತ್ತದೆ, ಇನ್ನೊಂದು ಟೀ ಶರ್ಟ್ ಇಟ್ಟುಕೊಳ್ಳಿ. ಉಂಗುರ, ವಾಚ್ ತೆಗೆದಿಡಿ.

ಯಾರಾದರೂ ಹಿಡಿಯುವ ರೀತಿ ಹಿಡಿಸದಿದ್ದರೆ ಸಹಿಸಿಕೊಳ್ಳಬೇಡಿ. ಹಾಡಿನ ಮಧ್ಯೆಯೇ ಥ್ಯಾಂಕ್ಸ್ ಹೇಳಿ ಬಿಡಬಹುದು, ಟೀಚರಿಗೆ ಹೇಳಬಹುದು. ನೀವು ಕರೆದಾಗ ಯಾರಾದರೂ ಬೇಡ ಅಂದರೂ ಅಷ್ಟೇ, ಕಾರಣ ಕೇಳಬೇಡಿ. ಬಂದ ಹೊಸತರಲ್ಲಿ ಒಂಟಿತನ ಜಾಸ್ತಿ ಇರುತ್ತದೆ. ಯಾರೋ ಕೈ ಹಿಡಿದು ನಕ್ಕರೆ ಮನಸ್ಸು ಬೇಗ ಅತ್ತ ವಾಲುತ್ತದೆ. ಹಾಡು ಮುಗಿದರೆ ಆ ಡ್ಯಾನ್ಸ್ ಮುಗಿಯಿತು ಅಂತ ಇಟ್ಟುಕೊಂಡರೆ ನಿಮಗೂ ಹಗುರ, ಅವರಿಗೂ ಹಗುರ. ಸ್ನೇಹ ನಿಧಾನವಾಗಿ, ಕ್ಲಾಸ್ ಮುಗಿದ ಮೇಲಿನ ಹತ್ತು ನಿಮಿಷಗಳಲ್ಲಿ ಬೆಳೆಯುತ್ತದೆ. ಅದಕ್ಕೇ ಕ್ಲಾಸ್ ಮುಗಿದ ತಕ್ಷಣ ಬ್ಯಾಗ್ ಎತ್ತಿಕೊಂಡು ಓಡಬೇಡಿ.

ಇನ್ನೊಂದು ಹೇಳಲೇಬೇಕು. ಈ ಹಾಡುಗಳೇ ಊರು ಬಿಟ್ಟವರವು. ಬೇರು ಕ್ಯೂಬಾದ ಸೋನ್, ಮಾಂಬೊ ಸಂಗೀತದಲ್ಲಿದೆ. ಸಾಲ್ಸಾ ಅನ್ನುವ ಹೆಸರಿನಲ್ಲಿ ಬೆಳೆದದ್ದು 1960, 70ರ ದಶಕದ ನ್ಯೂಯಾರ್ಕಿನಲ್ಲಿ, ಪೋರ್ಟೊ ರಿಕೊ, ಕ್ಯೂಬಾಗಳಿಂದ ಬಂದು ನೆಲೆಸಿದವರ ನಡುವೆ. ಸಾಲ್ಸಾ ಹಾಡುಗಳಿಗೆ ಹೆಸರಾದ ಫಾನಿಯಾ ರೆಕಾರ್ಡ್ ಕಂಪನಿಯನ್ನು 1964ರಲ್ಲಿ ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಸಂಗೀತಗಾರ ಜಾನಿ ಪಚೇಕೊ ಹುಡುಗನಾಗಿದ್ದಾಗ ಡೊಮಿನಿಕನ್ ರಿಪಬ್ಲಿಕ್‌ನಿಂದ ನ್ಯೂಯಾರ್ಕಿಗೆ ಬಂದವರು. ಸಾಲ್ಸಾದ ಹೆಸರಾಂತ ಗಾಯಕಿ ಸೀಲಿಯಾ ಕ್ರೂಸ್ 1960ರಲ್ಲಿ ತಮ್ಮ ದೇಶ ಕ್ಯೂಬಾ ಬಿಟ್ಟರು. 1962ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲೂ ಅಲ್ಲಿನ ಸರ್ಕಾರ ಬಿಡಲಿಲ್ಲ. ಆಮೇಲೆ ಅವರ ದನಿ ಕೇಳಿ ನೋಡಿ. ನನಗೆ ಅವರು ಹಾಡುವ ಸ್ಪ್ಯಾನಿಷ್ ಬರುವುದಿಲ್ಲ, ಆದರೂ ಅವರ ಹಾಡು ಬಂದರೆ ಕೂರಲಾಗುವುದಿಲ್ಲ.

ಮೊದಲ ದಿನ ಹತ್ತು ನಿಮಿಷ ಮುಂಚೆ ಹೋಗಿ, 'ನಾನು ಹೊಸಬ' ಅಂತ ಟೀಚರಿಗೆ ಹೇಳಿ. ಇಡೀ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಒಂದು ಕ್ಲಾಸ್ ಮಾಡಿ ನೋಡಲು ಬಿಡುತ್ತಾರಾ, ಜೋಡಿ ಬದಲಾಯಿಸುತ್ತಾರಾ, ಎರಡನ್ನೂ ಕೇಳಿ. ಬದಲಾಯಿಸದಿದ್ದರೆ ಬೇರೆ ಕ್ಲಾಸ್ ನೋಡಿ. ಬುಧವಾರ, ಭಾನುವಾರ ಎರಡೂ ಇದೆ ಅಂದಿರಲ್ವಾ? ಭಾನುವಾರ ಸಂಜೆಯದಕ್ಕೇ ಸೇರಿಕೊಳ್ಳಿ.