ಡ್ಯಾಶ್‌ಕ್ಯಾಮ್ ಹಾಕಿಸಿದ್ದೀರಿ, ಸರಿ. ಕಾರ್ಡ್ ತೆಗೆದು ನೋಡಿದ್ದೀರಾ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಕಾರಿನ ವೈರಿಂಗ್, ಬ್ಯಾಟರಿ, ಲೈಟು ಅಂತ ಬರುತ್ತಿದ್ದ ಪ್ರಶ್ನೆಗಳ ಜಾಗದಲ್ಲಿ ಈಚೆಗೆ ಡ್ಯಾಶ್‌ಕ್ಯಾಮ್ ಬಂದು ಕೂತಿದೆ. ಕಾರಿನ ಮುಂದಿನ ಗ್ಲಾಸಿಗೆ ಅಂಟಿಸಿ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾ ಅದು. ಈ ಸಲ ಆ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇನೆ. ಕ್ಯಾಮೆರಾ ಕೊಳ್ಳುವ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಡಿಯೊ ಕೈಗೆ ಸಿಗುವುದು ಹೇಗೆ ಅಂತ ಕೇಳುವವರು ಕಡಿಮೆ. ಆದ್ದರಿಂದ ಕೇಳದೆ ಇದ್ದ ಕಡೆಯೂ ಅದನ್ನು ಸೇರಿಸಿದ್ದೇನೆ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಮೇಷ್ಟ್ರು. ಬೆಂಗಳೂರಿನ ಮಗಳ ಮನೆಗೆ ಆಗಾಗ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಅಳಿಯಂದಿರು ಡ್ಯಾಶ್‌ಕ್ಯಾಮ್ ಹಾಕಿಸಿ ಎನ್ನುತ್ತಾರೆ. ಅಂಗಡಿಯಲ್ಲಿ 4ಕೆ ತೆಗೆದುಕೊಳ್ಳಿ ಎಂದರು. ಹೆದ್ದಾರಿಯಲ್ಲಿ ಪೊಲೀಸರ ಕ್ಯಾಮೆರಾಗಳೇ ಇರುವಾಗ ಇದು ಬೇಕಾ?

ಉತ್ತರ: ಹಾಕಿಸಿ ಮೇಷ್ಟ್ರೇ. ಪೊಲೀಸರ ಕ್ಯಾಮೆರಾ ಅದು ಇರುವ ಜಾಗವನ್ನು ಮಾತ್ರ ನೋಡುತ್ತದೆ. ಆ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಆದರೂ ಇಂಡಿಕೇಟರ್ ಹಾಕದೆ ಮೂರು ಲೇನ್ ದಾಟಿ ಎಡಕ್ಕೆ ಇಳಿಯುವ ಕಾರುಗಳಿಗೆ ಬರ ಇಲ್ಲ. ಅಂಥವನು ನಿಮ್ಮ ಬಂಪರ್‌ಗೆ ತಾಗಿಸಿ, ಇಳಿದು ಬಂದು ‘ನೀವೇ ಗುದ್ದಿದ್ದು’ ಎಂದಾಗ ಹಿಂದಿನ ಹತ್ತು ಸೆಕೆಂಡು ನಿಮ್ಮ ಹತ್ತಿರ ಇದ್ದರೆ ಸಾಕು.

ಚಿತ್ರ ಹೆಚ್ಚು ಸ್ಪಷ್ಟ ಎನ್ನುವ 4ಕೆ ಹಿಂದೆ ಹೋಗಬೇಡಿ. ಹಗಲಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ರಾತ್ರಿ ಎದುರಿನ ಹೈಬೀಮ್ ಬಿದ್ದಾಗ 4ಕೆ ಆದರೂ ನಂಬರ್ ಪ್ಲೇಟ್ ಬಿಳಿ ಚೌಕವೇ. ಫೈಲ್ ಗಾತ್ರ ಮಾತ್ರ ದುಪ್ಪಟ್ಟು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 2ಕೆ ಸಾಕು, ಸಂಜೆ ಮೇಲೆ ಓಡಿಸದಿದ್ದರೆ ಇನ್ನೂ ಕೆಳಗಿನ 1080ಪಿ ಆದರೂ ನಡೆಯುತ್ತದೆ. ಲೆನ್ಸ್ ಅಗಲ 140 ಡಿಗ್ರಿ ಆಸುಪಾಸು ಇರಲಿ. 170 ಅಂತ ದೊಡ್ಡದಾಗಿ ಬರೆದಿರುವುದರಲ್ಲಿ ಮುಂದಿನ ಗಾಡಿಯ ನಂಬರ್ ಇರುವೆಯಷ್ಟಾಗುತ್ತದೆ.

ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ಒಳಗೆ ಇರುವುದು ಲಿಥಿಯಂ ಬ್ಯಾಟರಿಯಾ, ಕೆಪ್ಯಾಸಿಟರಾ? ಕೆಪ್ಯಾಸಿಟರ್ ಇರುವುದನ್ನೇ ತೆಗೆದುಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗ್ಲಾಸಿಗೆ ಅಂಟಿಕೊಂಡಿರುವ ಬ್ಯಾಟರಿ ಉಬ್ಬಿಕೊಳ್ಳುತ್ತದೆ. ಮೈಸೂರಲ್ಲಿ ಹೇಗೋ ನಡೆದೀತು, ರಾಯಚೂರು, ಕಲಬುರಗಿ ಓದುಗರು ಇದನ್ನು ಎರಡು ಸಲ ಓದಿಕೊಳ್ಳಿ.

ಇನ್ನು ಮೆಮೊರಿ ಕಾರ್ಡ್. ಮೊಬೈಲಿನಿಂದ ಕಿತ್ತ ಹಳೇ ಕಾರ್ಡ್ ಬೇಡ. ಇಲ್ಲಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು ದಿನವಿಡೀ ನಡೆಯುತ್ತದೆ. ಅದಕ್ಕೇ ಮಾಡಿದ ‘ಹೈ ಎಂಡ್ಯೂರೆನ್ಸ್’ ಕಾರ್ಡ್ ಸಿಗುತ್ತದೆ, ಸ್ವಲ್ಪ ಜಾಸ್ತಿ ಕೊಟ್ಟು ಅದನ್ನೇ ಕೊಳ್ಳಿ. ಕಾರ್ಡ್ ಕೆಟ್ಟರೂ ಎಷ್ಟೋ ಕ್ಯಾಮೆರಾಗಳಲ್ಲಿ ಕೆಂಪು ದೀಪ ಮಿನುಗುತ್ತಲೇ ಇರುತ್ತದೆ. ಒಳಗೆ ಏನೂ ಇರುವುದಿಲ್ಲ. ತಿಂಗಳಿಗೊಮ್ಮೆ ಒಂದು ಫೈಲ್ ತೆರೆದು ನೋಡಿ. ದಿನಾಂಕ, ಸಮಯ ಸರಿ ಇದೆಯಾ ಅಂತಲೂ ನೋಡಿ.

ಪ್ರಶ್ನೆ: ಹುಬ್ಬಳ್ಳಿಯಿಂದ. ಹೊಸ ಕಾರು, ಇನ್ನೂ ವಾರಂಟಿ ಇದೆ. ಕ್ಯಾಮೆರಾ ಹಾಕಲು ಅಂಗಡಿಯವನು ಒಳಗಿನ ಲೈಟಿನ ವೈರ್ ಕತ್ತರಿಸಿ ಜೋಡಿಸುತ್ತೇನೆ ಎಂದ. ಹೆದರಿ ವಾಪಸ್ ಬಂದೆ. ನಾನೇ ಹಾಕಿಕೊಳ್ಳಬಹುದಾ? ಕಾರು ನಿಂತಾಗಲೂ ರೆಕಾರ್ಡ್ ಆಗಬೇಕು ಅಂತ ಆಸೆ.

ಉತ್ತರ: ವಾಪಸ್ ಬಂದದ್ದು ಒಳ್ಳೆಯದಾಯಿತು. ವೈರ್ ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತಿದರೆ ವಾರಂಟಿ ತಕರಾರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಅದರ ಅಗತ್ಯವೂ ಇಲ್ಲ.

ಸುಲಭದ ದಾರಿ 12 ವೋಲ್ಟ್ ಚಾರ್ಜಿಂಗ್ ಪಾಯಿಂಟ್. ಚುಚ್ಚಿದರೆ ಮುಗಿಯಿತು. ಇಗ್ನಿಷನ್ ಆಫ್ ಆದರೆ ಹೆಚ್ಚಿನ ಕಾರುಗಳಲ್ಲಿ ಕ್ಯಾಮೆರಾವೂ ಆಫ್.

ನಿಂತಾಗಲೂ ಓಡಬೇಕು ಎಂದರೆ ಹಾರ್ಡ್‌ವೈರ್ ಕಿಟ್ ಬೇಕು. ಅದರಲ್ಲಿ ಮೂರು ವೈರ್ ಇರುತ್ತವೆ. ಒಂದು ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ, ಒಂದು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ, ಇನ್ನೊಂದು ಬಾಡಿಯ ಬೋಲ್ಟಿಗೆ ಅರ್ತ್. ಫ್ಯೂಸ್ ತೆಗೆದು ಆ ಜಾಗಕ್ಕೆ ‘ಫ್ಯೂಸ್ ಟ್ಯಾಪ್’ ಕೂರಿಸಿದರೆ ಕಾರಿನ ಒಂದು ವೈರನ್ನೂ ಮುಟ್ಟಬೇಕಿಲ್ಲ. ಏರ್‌ಬ್ಯಾಗ್, ಎಬಿಎಸ್, ಇಂಜಿನ್ ಕಂಟ್ರೋಲ್ ಫ್ಯೂಸ್‌ಗಳ ತಂಟೆಗೆ ಹೋಗಬೇಡಿ. ರೇಡಿಯೊ, ಸಿಗರೇಟ್ ಲೈಟರ್ ಫ್ಯೂಸ್ ಸಾಕು.

ಕಿಟ್‌ನಲ್ಲಿ ವೋಲ್ಟೇಜ್ ಕಟ್‌ಆಫ್ ಇರಲೇಬೇಕು. ಬ್ಯಾಟರಿ ಇಳಿದಾಗ ಕ್ಯಾಮೆರಾವನ್ನು ತಾನೇ ಆಫ್ ಮಾಡುವ ಏರ್ಪಾಡು ಅದು. ಲೆಕ್ಕ ನೋಡಿ. ಕ್ಯಾಮೆರಾ ಸುಮಾರು 0.3 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 7 ಆಂಪಿಯರ್ ಅವರ್ ಆಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35ರದ್ದು. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಮೂರು ದಿನ ಬಿಟ್ಟು ಬಂದರೆ ಸ್ಟಾರ್ಟ್ ಆಗುವುದು ಅನುಮಾನ. ಕಟ್‌ಆಫ್ ಅನ್ನು 12 ವೋಲ್ಟಿಗಿಂತ ಕೆಳಗೆ ಇಡಬೇಡಿ. ಮನೆ ಕಾಂಪೌಂಡಿನಲ್ಲಿ ನಿಲ್ಲುವ ಕಾರಿಗೆ ಪಾರ್ಕಿಂಗ್ ಮೋಡ್ ಬೇಕೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆಕ್ಕು ಬಾನೆಟ್ ಹತ್ತಿದ್ದನ್ನು ನೋಡಲು ಬ್ಯಾಟರಿ ಸವೆಸುವುದು ಯಾಕೆ?

ಅಂಟಿಸುವ ಜಾಗ: ಒಳಗಿನ ಮಿರರ್ ಹಿಂದೆ, ಎಡಕ್ಕೆ, ವೈಪರ್ ಒರೆಸುವ ಜಾಗದೊಳಗೆ. ಡ್ರೈವರ್ ಕಣ್ಣಿಗೆ ಅಡ್ಡ ಬರಬಾರದು. ಲೇನ್ ಎಚ್ಚರಿಕೆ, ತಾನೇ ಬ್ರೇಕ್ ಹಾಕುವ ಸೌಲಭ್ಯ ಇರುವ ಕಾರಾದರೆ ಕಂಪನಿಯವರೇ ಅಲ್ಲಿ ಕ್ಯಾಮೆರಾ ಇಟ್ಟಿರುತ್ತಾರೆ. ಅದರ ಮುಂದೆ ಏನೂ ಬರಬಾರದು. ಗ್ಲಾಸನ್ನು ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಆಮೇಲೆ ಅಂಟಿಸಿ. ಚಿತ್ರದಲ್ಲಿ ಅರ್ಧ ರಸ್ತೆ, ಅರ್ಧ ಆಕಾಶ ಇರಲಿ. ಆಕಾಶ ಜಾಸ್ತಿ ಆದರೆ ಕ್ಯಾಮೆರಾ ಅದರ ಬೆಳಕಿಗೆ ಹೊಂದಿಕೊಂಡು ರಸ್ತೆಯನ್ನು ಕಪ್ಪು ಮಾಡುತ್ತದೆ. ಡ್ಯಾಶ್‌ಬೋರ್ಡ್ ಪ್ರತಿಬಿಂಬ ಗ್ಲಾಸಿನಲ್ಲಿ ಬೀಳುತ್ತಿದ್ದರೆ ಅದನ್ನು ತಗ್ಗಿಸಲು ಲೆನ್ಸಿಗೆ ಹಾಕುವ ಸಿಪಿಎಲ್ ಫಿಲ್ಟರ್ ಸಿಗುತ್ತದೆ.

ವೈರ್ ಎಳೆಯುವಾಗ ಒಂದು ಕಡೆ ಮಾತ್ರ ನಿಜಕ್ಕೂ ಹುಷಾರಾಗಿರಬೇಕು. ಮುಂದಿನ ಗ್ಲಾಸಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಿವೆ. ವೈರ್ ಆ ಏರ್‌ಬ್ಯಾಗಿನ ಹಿಂದೆ ಹೋಗಬೇಕು, ಮುಂದೆ ಅಡ್ಡ ಹಾಯಬಾರದು. ಅಪಘಾತದಲ್ಲಿ ಅದು ಬಿಚ್ಚಿಕೊಳ್ಳುವಾಗ ವೈರ್ ತಡೆದರೆ ಏನಾಗಬಹುದು ಯೋಚಿಸಿ. ಈ ಕೆಲಸ ಗೊತ್ತಿಲ್ಲದಿದ್ದರೆ ಆ ಕಂಬದ ತಂಟೆ ಬೇಡ, ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಪಕ್ಕದಲ್ಲೇ ನಿಂತು ನೋಡಿ.

ಪ್ರಶ್ನೆ: ಬೆಂಗಳೂರು, ಔಟರ್ ರಿಂಗ್ ರೋಡ್. ರಾತ್ರಿ ಕೆಲಸ ಮುಗಿಸಿ ಒಬ್ಬಳೇ ಬರುವಾಗ ಬೈಕಿನಲ್ಲಿದ್ದ ಇಬ್ಬರು ಹಿಂದಿನಿಂದ ಹಾರ್ನ್ ಹೊಡೆದು, ಮುಂದೆ ಬಂದು ಅಡ್ಡ ಹಾಕಿ, ಕಿಟಕಿ ಬಡಿದರು. ಗಾಬರಿಯಲ್ಲಿ ಏನೂ ತೋಚಲಿಲ್ಲ. ಹೇಗೋ ತಪ್ಪಿಸಿಕೊಂಡು ಬಂದೆ. ಕ್ಯಾಮೆರಾ ಇತ್ತು. ಮರುದಿನ ನೋಡಿದರೆ ಆ ವಿಡಿಯೊ ಇಲ್ಲ.

ಉತ್ತರ: ನೀವು ಕಿಟಕಿ ಇಳಿಸಲಿಲ್ಲ, ಇಳಿದು ಮಾತಾಡಲಿಲ್ಲ. ಮಾಡಬೇಕಾದ್ದನ್ನೇ ಮಾಡಿದ್ದೀರಿ. ಮತ್ತೆ ಹೀಗಾದರೆ ಬಾಗಿಲು ಲಾಕ್, 112ಕ್ಕೆ ಫೋನ್, ನಿಲ್ಲಿಸದೆ ಬೆಳಕು, ಜನ ಇರುವ ಕಡೆಗೆ. ತೆರೆದಿರುವ ಪೆಟ್ರೋಲ್ ಬಂಕ್ ಆಗಬಹುದು, ಪೊಲೀಸ್ ಠಾಣೆ ಸಿಕ್ಕರೆ ಇನ್ನೂ ಒಳ್ಳೆಯದು. ಸೀದಾ ಮನೆಗೆ ಹೋಗಬೇಡಿ, ಮನೆ ತೋರಿಸಿಕೊಟ್ಟ ಹಾಗಾಗುತ್ತದೆ. ‘ಕ್ಯಾಮೆರಾ ಇದೆ, ನೋಡ್ಕೊತೀನಿ’ ಎಂದು ಕೂಗುವುದೂ ಬೇಡ. ಕೋಪದಲ್ಲಿರುವವನಿಗೆ ಅದು ಕ್ಯಾಮೆರಾ ಕೀಳಲು ಕೊಟ್ಟ ಐಡಿಯಾ.

ವಿಡಿಯೊ ಯಾಕೆ ಇಲ್ಲ ಎಂಬುದಕ್ಕೆ ಬರೋಣ. ಕ್ಯಾಮೆರಾ ಒಂದು, ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ಬರೆಯುತ್ತದೆ. ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. 1080ಪಿ ವಿಡಿಯೊ ಗಂಟೆಗೆ ಸುಮಾರು 6–7 ಜಿಬಿ ತಿನ್ನುತ್ತದೆ. ಹಿಂದೆ ಮುಂದೆ ಎರಡು ಕ್ಯಾಮೆರಾ ಇದ್ದರೆ 64 ಜಿಬಿ ಕಾರ್ಡಿನಲ್ಲಿ ನಾಲ್ಕೈದು ಗಂಟೆ ಅಷ್ಟೇ. ಬೆಂಗಳೂರಲ್ಲಿ ಆದ ಘಟನೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅಳಿಸಿಹೋಗಿರುತ್ತದೆ! ಪಾರ್ಕಿಂಗ್ ಮೋಡ್ ಆನ್ ಇದ್ದರೆ ರಾತ್ರಿಯೆಲ್ಲ ನಿಂತಲ್ಲೇ ಬರೆದುಕೊಂಡಿರುತ್ತದೆ. ನಿಮ್ಮದು ಹಾಗೇ ಆಗಿರಬೇಕು.

ಜೋರಾಗಿ ಡಿಕ್ಕಿ ಆದರೆ ಹೊಡೆತ ಗುರುತಿಸುವ ಜಿ-ಸೆನ್ಸರ್ ಆ ತುಂಡನ್ನು ಅಳಿಸಿಹೋಗದ ಹಾಗೆ ತಾನೇ ಲಾಕ್ ಮಾಡುತ್ತದೆ. ಕಿಟಕಿ ಬಡಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಲಾಕ್ ಮಾಡುವ ಬಟನ್ ಎಲ್ಲಿದೆ ಎಂದು ಕತ್ತಲಲ್ಲೂ ಬೆರಳಿಗೆ ಗೊತ್ತಿರಬೇಕು, ಇವತ್ತೇ ನಿಂತ ಕಾರಿನಲ್ಲಿ ಒತ್ತಿ ರೂಢಿ ಮಾಡಿಕೊಳ್ಳಿ. ಮೈಕ್ ಆನ್ ಇಡಿ. ಬೈಕಿನ ನಂಬರ್ ಕಂಡ ತಕ್ಷಣ ಬಾಯಿಬಿಟ್ಟು ಜೋರಾಗಿ ಓದಿ. ರಾತ್ರಿ ಲೆನ್ಸಿಗೆ ಕಾಣದ ನಂಬರ್ ನಿಮ್ಮ ದನಿಯಲ್ಲಿ ಉಳಿಯುತ್ತದೆ. ಮೈಕ್ ಇದೆ ಎಂದು ಜೊತೆಯಲ್ಲಿ ಕೂತವರಿಗೂ ಹೇಳಿಬಿಡಿ.

ವಿಡಿಯೊ ಇಲ್ಲದಿದ್ದರೂ ಠಾಣೆಗೆ ದೂರು ಕೊಡಿ. 112ಕ್ಕೆ ಫೋನ್ ಮಾಡಿದ್ದರೆ ಕರೆಯ ದಾಖಲೆ ಇರುತ್ತದೆ, ಆ ರಸ್ತೆಯಲ್ಲಿ ಬೇರೆ ಕ್ಯಾಮೆರಾಗಳೂ ಇವೆ. ಬೆದರಿಕೆ ಇಲ್ಲದ ಬರೀ ಸಂಚಾರ ಉಲ್ಲಂಘನೆಗೆ ಬೆಂಗಳೂರು ಸಂಚಾರ ಪೊಲೀಸರ ‘ಅಸ್ತ್ರಂ’ ಆ್ಯಪ್ ಇದೆ. ಕಿಟಕಿ ಬಡಿಯುವುದು ಆ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಠಾಣೆಯೇ.

ಪ್ರಶ್ನೆ: ಮಂಡ್ಯದಿಂದ. ನಿಧಾನವಾಗಿ ಹೋಗುತ್ತಿದ್ದ ನನ್ನ ಕಾರಿಗೆ ಸ್ಕೂಟರಿನವನು ತಾನೇ ಬಂದು ಉಜ್ಜಿ ಬಿದ್ದ. ನಾಲ್ಕು ಜನ ಸೇರಿ ಹತ್ತು ಸಾವಿರ ಕೊಡು ಎಂದರು. ‘ವಿಡಿಯೊ ಇದೆ, ಠಾಣೆಗೆ ಹೋಗೋಣ’ ಎಂದೆ. ಈಗ ಕೇಸ್ ಆಗಿದೆ. ಪೊಲೀಸರು ಮೆಮೊರಿ ಕಾರ್ಡನ್ನೇ ಕೇಳುತ್ತಿದ್ದಾರೆ. ಕೊಡಬೇಕಾ? ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದಾ?

ಉತ್ತರ: ಸಾಲದು. ವಾಟ್ಸಾಪ್ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಹೋದದ್ದು ನಿಮ್ಮ ಮೂಲ ಫೈಲ್ ಅಲ್ಲವೇ ಅಲ್ಲ. ಮೂಲ ಕಾರ್ಡ್ ಕೊಡುವುದೇ ನಿಮಗೆ ಬಲ. ಕೊಡುವ ಮುಂಚೆ ಆ ದಿನದ ಎಲ್ಲ ಫೈಲುಗಳನ್ನೂ ಲ್ಯಾಪ್‌ಟಾಪಿಗೆ ಹಾಗೇ ನಕಲು ಮಾಡಿಟ್ಟುಕೊಳ್ಳಿ. ಕತ್ತರಿಸುವುದು, ಹೆಸರು ಬದಲಿಸುವುದು, ಮೇಲೆ ಬಾಣದ ಗುರುತು ಹಾಕುವುದು ಯಾವುದೂ ಬೇಡ. ಕಾರ್ಡ್ ಕೊಟ್ಟದ್ದಕ್ಕೆ ಬರವಣಿಗೆಯಲ್ಲಿ ಸ್ವೀಕೃತಿ ಪಡೆಯಿರಿ. ವಶಪಡಿಸಿಕೊಂಡರೆ ಅದನ್ನು ಮಹಜರಿನಲ್ಲಿ ಬರೆಸಿ. ಹೊಸ ಕಾರ್ಡ್ ಹಾಕಿಕೊಂಡು ಓಡಾಡಿ.

ಕಾರ್ಡಿನ ಬದಲು ನಕಲು ಕೊಡುವುದಾದರೆ ಕೆಲಸ ಸ್ವಲ್ಪ ಜಾಸ್ತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದು ನೀವು ತುಂಬುವುದು, ಇನ್ನೊಂದು ತಜ್ಞರು ತುಂಬುವುದು. ಫೈಲಿನ ‘ಹ್ಯಾಶ್’ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ನಿಮ್ಮ ವಕೀಲರಿಗೆ ಇದು ಗೊತ್ತಿರುತ್ತದೆ. ಗಡಿಯಾರ ತಪ್ಪಿದ್ದರೆ ಮುಚ್ಚಿಡಬೇಡಿ. ‘ಕ್ಯಾಮೆರಾ ಸಮಯ 40 ನಿಮಿಷ ಹಿಂದಿದೆ’ ಎಂದು ಮೊದಲೇ ಬರೆದುಕೊಡಿ. ಆಮೇಲೆ ಎದುರು ವಕೀಲರು ಅದನ್ನು ಎತ್ತಿದರೆ ಕೆಲಸ ಕೆಡುತ್ತದೆ.

ಒಂದು ಮಾತು ಸೇರಿಸಬೇಕು. ಬಿದ್ದವನಿಗೆ ಪೆಟ್ಟಾಗಿದ್ದರೆ, ನಾಟಕ ಅನ್ನಿಸಿದರೂ, ಆಸ್ಪತ್ರೆಗೆ ಸೇರಿಸುವ ವ್ಯವಸ್ಥೆ ಮಾಡುವುದು ಚಾಲಕನ ಕರ್ತವ್ಯ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೀಗೆ ಹೇಳುತ್ತದೆ. ಜನ ಹೊಡೆಯಲು ಬಂದಿದ್ದರೆ ಅಲ್ಲಿ ನಿಲ್ಲಬೇಕಿಲ್ಲ ಎಂಬ ವಿನಾಯಿತಿಯೂ ಅದರಲ್ಲೇ ಇದೆ. ಆದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಲೇಬೇಕು. ವಿಮಾ ಕಂಪನಿಗೂ ತಿಳಿಸಬೇಕು. ವಿಡಿಯೊ ಇದೆ ಎಂಬ ಧೈರ್ಯದಲ್ಲಿ ಇದನ್ನು ಮರೆತವರು ಇದ್ದಾರೆ.

ಪ್ರಶ್ನೆ: ಸಕಲೇಶಪುರದಿಂದ. ಶಿರಾಡಿ ಘಾಟಿಯಲ್ಲಿ ಕುರುಡು ತಿರುವಿನಲ್ಲೇ ಬಸ್ಸು ಓವರ್‌ಟೇಕ್ ಮಾಡಿಕೊಂಡು ಎದುರಿಗೆ ಬಂತು. ಚರಂಡಿಗೆ ಇಳಿಸಿ ಬಚಾವಾದೆ. ಆದರೆ ವಿಡಿಯೊದಲ್ಲಿ ನೋಡಿದರೆ ಬಸ್ಸು ಎಷ್ಟೋ ದೂರ ಇದ್ದ ಹಾಗೆ ಕಾಣುತ್ತದೆ. ಯಾರೂ ನಂಬುತ್ತಿಲ್ಲ.

ಉತ್ತರ: ಅಗಲ ಲೆನ್ಸಿನ ಗುಣವೇ ಅದು. ಹತ್ತಿರದ್ದನ್ನು ದೂರ ತೋರಿಸುತ್ತದೆ. ದೂರು ಕೊಡುವಾಗ ‘ಎಷ್ಟು ಹತ್ತಿರ ಬಂತು’ ಎನ್ನುವುದರ ಮೇಲೆ ನಿಲ್ಲಬೇಡಿ. ಬಸ್ಸಿನ ಚಕ್ರ ರಸ್ತೆ ನಡುವಿನ ತುಂಡಾಗದ ಗೆರೆ ದಾಟಿದ ಕ್ಷಣ, ತಿರುವಿನ ಬೋರ್ಡ್, ನಿಮ್ಮ ಕಾರು ಎಡಕ್ಕೆ ಹೊರಳಿದ್ದು, ಇಷ್ಟು ಕಾಣುವ ತುಂಡು ಸಾಕು. ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆಯೇ. ಮೊದಲ ಸಲಕ್ಕೇ ದಂಡ 1,000ದಿಂದ 5,000 ರೂಪಾಯಿ, ಜೈಲೂ ಆಗಬಹುದು. ಸಾರಿಗೆ ಸಂಸ್ಥೆಯ ಬಸ್ಸಾದರೆ ಬಸ್ ನಂಬರ್, ಜಾಗ, ಸಮಯ ಬರೆದು ಅದರ ಡಿಪೊಗೆ ಕಳಿಸಿ. ಖಾಸಗಿ ಬಸ್ಸಾದರೆ ಠಾಣೆ ಮತ್ತು ಆರ್‌ಟಿಒ.

ಘಾಟಿಯಲ್ಲಿ ಹಿಂದಿನಿಂದ ಮೈಮೇಲೆ ಬರುವ ಬಸ್ಸಿಗೆ ಸುಮ್ನೆ ಸೈಡ್ ಕೊಟ್ಟುಬಿಡಿ. ಅವನಿಗೆ ಟೈಮ್, ನಿಮಗೇನು ಅವಸರ?

ಪ್ರಶ್ನೆ: ನನಗೆ ಯಾರೋ ಗುದ್ದಿದ ವಿಡಿಯೊದಲ್ಲಿ ನನ್ನ ವೇಗ 112 ಎಂದು ಬಂದಿದೆ. ಮಿತಿ 100. ಸ್ಪೀಡ್ ಕಾಣದ ಹಾಗೆ ಮಾಡಿ ಕೊಡಬಹುದಾ? (ರಾಮನಗರ)

ಉತ್ತರ: ಬೇಡ. ಸಾಕ್ಷ್ಯ ತಿದ್ದುವುದು, ಅಳಿಸುವುದು ಬೇರೆಯದೇ ಅಪರಾಧ, ಅತಿವೇಗಕ್ಕಿಂತ ದೊಡ್ಡದು. ಅಂಕಿ ಅಳಿಸಿದರೂ ರಸ್ತೆ ಬದಿಯ ಕಂಬಗಳ ನಡುವಿನ ದೂರ, ದಾಟಲು ಹಿಡಿದ ಸೆಕೆಂಡು ಇಟ್ಟುಕೊಂಡು ವೇಗ ಲೆಕ್ಕ ಹಾಕಬಹುದು. ಇನ್ನೊಂದು ವಿಷಯ: ಕಾರಿನ ಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಜಿಪಿಎಸ್‌ನಲ್ಲಿ 112 ಬಂದಿದ್ದರೆ ಮೀಟರಿನಲ್ಲಿ ನೀವು ಅದಕ್ಕಿಂತ ಮೇಲೆಯೇ ನೋಡಿರುತ್ತೀರಿ, ಅಲ್ವಾ?

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ದಾವಣಗೆರೆಯಿಂದ ತಮ್ಮ ಒಂದು ಡ್ಯಾಶ್‌ಕ್ಯಾಮ್ ತರುತ್ತಿದ್ದಾನೆ. ಇಲ್ಲಿ ಹಾಕಿಕೊಳ್ಳಬಹುದಾ?

ಉತ್ತರ: ಊರಿನ ಹಾಗೆ ಬಿಟ್ಟು ಓಡಿಸಬೇಡಿ. ಅಲ್ಲಿ ಕಾರಣವಿಲ್ಲದೆ ರಸ್ತೆಯನ್ನು ನಿರಂತರ ಚಿತ್ರೀಕರಿಸುವುದು ಖಾಸಗಿ ಮಾಹಿತಿ ರಕ್ಷಣೆಯ ನಿಯಮಕ್ಕೆ ವಿರುದ್ಧ. ಆದರೆ 2018ರ ಮೇ 15ರಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ, ಪ್ರತಿ ಪ್ರಕರಣವನ್ನೂ ತೂಗಿ ನೋಡಿ ಹಾಗೆ ತೆಗೆದ ವಿಡಿಯೊವನ್ನೂ ಅಪಘಾತದ ಕೇಸಿನಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿದೆ. ಲೂಪ್ (ಹಳೆಯದರ ಮೇಲೆ ಮತ್ತೆ ಬರೆಯುವ ಅವಧಿ) ಅತಿ ಚಿಕ್ಕದಿರಲಿ, ಡಿಕ್ಕಿ ಆದಾಗ ಮಾತ್ರ ಉಳಿಯುವ ಹಾಗೆ ಸೆಟ್ ಮಾಡಿ, ಪಾರ್ಕಿಂಗ್ ಮೋಡ್ ಆಫ್ ಮಾಡಿ. ಬೇರೆಯವರ ನಂಬರ್ ಪ್ಲೇಟ್ ಕಾಣುವ ವಿಡಿಯೊವನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ. ತಮ್ಮನಿಗೆ ಕಾರ್ಡ್ ಮಾತ್ರ ಒಳ್ಳೆಯದು ತರಲು ಹೇಳಿ.